ಅಕ್ಕನ ಬಾಣಂತನ ಮತ್ತು ಸೋಪಿನ ಹಿಂಬದಿ

ನಮ್ಮ ಮನೆ ಇರೋದು ಕುವೆಂಪುನಗರದಲ್ಲಿ, ಗಾನಭಾರತಿ ಕಡೆಯಿಂದ ಎರಡು ಕ್ರಾಸ್ ಒಳಗೆ. 2021ರ ಆಗಸ್ಟ್‌ನಲ್ಲಿ ಅಕ್ಕ ಬಾಣಂತನಕ್ಕೆ ಅಂತ ಬಂದಾಗ ಆ ಮನೆ ಒಂದು ಸಣ್ಣ ಆಸ್ಪತ್ರೆಯೇ ಆಗಿಹೋಗಿತ್ತು. ಕೊರೋನಾ ಎರಡನೇ ಅಲೆ ಇಳಿದಿತ್ತು, ಭಯ ಇಳಿದಿರಲಿಲ್ಲ. ಗೇಟಿನ ಹತ್ತಿರ ಸ್ಯಾನಿಟೈಸರ್, ಬಾಗಿಲ ಪಕ್ಕದ ನಲ್ಲಿಯಲ್ಲಿ ಕ್ರಿಮಿ ಕೊಲ್ಲುವ ಹ್ಯಾಂಡ್‌ವಾಶ್, ಬಚ್ಚಲಲ್ಲಿ ಕ್ರಿಮಿ ಕೊಲ್ಲುವ ಸೋಪು, ಮಗುವಿನ ಬಟ್ಟೆ ಅದ್ದೋ ಬಕೆಟ್ಟಿಗೆ ಕ್ರಿಮಿ ಕೊಲ್ಲುವ ಇನ್ನೊಂದು ದ್ರಾವಣ. ಯಾರೇ ಬಂದರೂ ಅಮ್ಮ ಮೊದಲು ಕೇಳ್ತಿದ್ದದ್ದು "ಹೇಗಿದ್ದೀರಿ" ಅಂತ ಅಲ್ಲ, "ಕೈ ತೊಳೆದ್ರಾ" ಅಂತ.

ಮದುವೆಯಾಗಿ ಐದು ವರ್ಷದ ಮೇಲೆ ಹುಟ್ಟಿದ ಮಗು ಅದು. ಅದರಲ್ಲಿ ಮೂರು ವರ್ಷ ಆಸ್ಪತ್ರೆ, ಸ್ಕ್ಯಾನು, ಇಂಜೆಕ್ಷನ್ನು. ಹಾಗಾಗಿ ಅಮ್ಮನ ಈ ಅತಿರೇಕಕ್ಕೆ ಯಾರೂ ಏನೂ ಅಂತಿರಲಿಲ್ಲ, ಮಗುವಿಗೆ ನೀರು ಹಾಕೋಕೆ ಬರ್ತಿದ್ದ ಅಜ್ಜಿ ಒಬ್ಬರನ್ನ ಬಿಟ್ಟು. ಅವರು ಎರಡು ಕಾಲು ನೀಡಿ ಕೂತು, ಮಗುವನ್ನ ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕಡಲೆಹಿಟ್ಟಲ್ಲೇ ತೊಳೀತಿದ್ದದ್ದು. ಅಮ್ಮ ಕ್ರಿಮಿ ಸೋಪು ಕೊಟ್ಟರೆ "ಅದರ ಘಾಟು ನನಗೇ ಆಗಕ್ಕಿಲ್ಲ, ಇನ್ನು ಈ ಕೂಸಿಗಾ?" ಅಂತ ಪಕ್ಕಕ್ಕಿಡೋರು. (ಅಜ್ಜಿಯ ವಿದ್ಯೆಯೆಲ್ಲ ಅಪರಂಜಿ ಅಂತ ನಾನು ಹೇಳ್ತಿಲ್ಲ. ಮಗುವಿನ ಮುಖಕ್ಕೆ ಹಿಡೀತಿದ್ದ ಸಾಂಬ್ರಾಣಿ ಹೊಗೆ ಎಳೆ ಶ್ವಾಸಕೋಶಕ್ಕೆ ಒಳ್ಳೇದಲ್ಲ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತೆ. ಅದರ ಜಗಳ ಬೇರೆಯೇ ನಡೀತು.)

ನಾನಾಗ ಎರಡನೇ ಸೆಮ್. ಕ್ಲಾಸೆಲ್ಲ ಆನ್‌ಲೈನ್. ಕೆಮಿಸ್ಟ್ರಿ ಕ್ಲಾಸ್ ಕ್ಯಾಮೆರಾ ಆಫ್ ಮಾಡಿ ಬಚ್ಚಲಲ್ಲಿ ಹಲ್ಲುಜ್ಜುತ್ತಾ ಕೇಳ್ತಿದ್ದವನು ಒಂದಿನ ಸುಮ್ಮನೆ ಸೋಪಿನ ಕವರ್ ತಿರುಗಿಸಿ ಓದಿದೆ. ಇರುವೆ ಗಾತ್ರದ ಅಕ್ಷರದಲ್ಲಿ ಕೊನೆಗೆ ಟ್ರೈಕ್ಲೋಕಾರ್ಬನ್. ಷೆಲ್ಫಲ್ಲಿದ್ದ ಹಳೇ ಟೂತ್‌ಪೇಸ್ಟ್ ಟ್ಯೂಬಿನ ಮೇಲೆ ಟ್ರೈಕ್ಲೋಸಾನ್. ಫೋನಲ್ಲಿ ಹುಡುಕೋಕೆ ಶುರು ಮಾಡಿದೆ. ಅಲ್ಲಿಂದ ಶುರುವಾಯ್ತು ನನ್ನ ಅಧಿಕಪ್ರಸಂಗ.

ಮೊದಲು ಸಿಕ್ಕಿದ್ದು ಹೆಮ್ಮೆಪಡೋ ವಿಷಯವೇ. ಟ್ರೈಕ್ಲೋಸಾನ್ 1970ರ ದಶಕದಲ್ಲಿ ಆಪರೇಷನ್‌ಗೆ ಮುಂಚೆ ಡಾಕ್ಟರುಗಳು ಕೈ ತೊಳೆಯೋ ದ್ರಾವಣಕ್ಕೆ ಬಂದದ್ದು. ಅದು ಬ್ಯಾಕ್ಟೀರಿಯಾದ ಗೋಡೆ ಒಡೆದು ಕೊಲ್ಲುತ್ತೆ ಅಂತ ಬಹಳ ಕಾಲ ಅಂದುಕೊಂಡಿದ್ದರು. 1998ರಲ್ಲಿ ಗೊತ್ತಾದದ್ದು ಬೇರೆ: ಬ್ಯಾಕ್ಟೀರಿಯಾ ಕೊಬ್ಬಿನಾಮ್ಲ ಕಟ್ಟಿಕೊಳ್ಳೋಕೆ ಬೇಕಾದ ಒಂದು ಕಿಣ್ವಕ್ಕೆ ಹೋಗಿ ಇದು ಅಂಟಿಕೊಳ್ಳುತ್ತೆ. ಬೀಗದೊಳಗೆ ಮುರಿದ ಕೀಲಿ ಸಿಕ್ಕಿಹಾಕಿಕೊಂಡ ಹಾಗೆ. 2001ರಲ್ಲಿ ನಮ್ಮ ಬೆಂಗಳೂರಿನವರೇ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಮಲೇರಿಯಾ ಪರಾವಲಂಬಿಯಲ್ಲೂ ಅಂಥದ್ದೇ ಕಿಣ್ವ ಇದೆ, ಟ್ರೈಕ್ಲೋಸಾನ್ ಅದನ್ನೂ ತಡೆಯುತ್ತೆ ಅಂತ ತೋರಿಸಿದರು. 'ನೇಚರ್ ಮೆಡಿಸಿನ್'ನಲ್ಲಿ ಬಂತು. ಟೂತ್‌ಪೇಸ್ಟಿನ ರಾಸಾಯನಿಕ ಮಲೇರಿಯಾ ಮದ್ದಾಗಬಹುದು ಅನ್ನೋ ಆಸೆ. ಮುಂದೆ ರಕ್ತದ ಹಂತದಲ್ಲಿ ಪರಾವಲಂಬಿಗೆ ಆ ಕಿಣ್ವ ಇಲ್ಲದಿದ್ದರೂ ನಡೆಯುತ್ತೆ ಅಂತ ಬೇರೆಯವರು ತೋರಿಸಿದ ಮೇಲೆ ಆ ಆಸೆ ತಣ್ಣಗಾಯ್ತು. ಅದೇನೇ ಇರಲಿ, ಇದು ದಡ್ಡ ಅಣು ಅಲ್ಲ, ಗುರಿಯಿಟ್ಟು ಹೊಡೆಯೋ ಅಣು ಅನ್ನೋದು ತಲೆಯಲ್ಲಿ ಕೂತಿತು.

ಆಮೇಲೆ ಅದರ ಚಿತ್ರ ನೋಡಿದೆ. ಎರಡು ಬೆಂಜೀನ್ ಉಂಗುರ, ನಡುವೆ ಸೇತುವೆ ಥರ ಒಂದು ಆಮ್ಲಜನಕ, ಮೂರು ಕ್ಲೋರಿನ್, ಒಂದು ಓಎಚ್. ನಮ್ಮ ಥೈರಾಯ್ಡ್ ಗ್ರಂಥಿ ಮಾಡೋ ಥೈರಾಕ್ಸಿನ್ ಚಿತ್ರವನ್ನ ಪಕ್ಕದಲ್ಲಿಡಿ. ಎರಡು ಉಂಗುರ, ನಡುವೆ ಆಮ್ಲಜನಕ, ಕ್ಲೋರಿನ್ ಬದಲು ನಾಲ್ಕು ಅಯೋಡಿನ್. ಅಣ್ಣ ತಮ್ಮ ಅಲ್ಲದಿದ್ದರೂ ದೂರದ ನೆಂಟರ ಥರ ಕಾಣ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರು 2009ರಲ್ಲಿ, ಆಗಷ್ಟೇ ತಾಯಿಹಾಲು ಬಿಟ್ಟ ಗಂಡು ಇಲಿಮರಿಗಳಿಗೆ ಒಂದು ತಿಂಗಳು ಟ್ರೈಕ್ಲೋಸಾನ್ ಕೊಟ್ಟು ನೋಡಿದ್ದರು. ಡೋಸ್ ಏರಿದಂತೆ ಥೈರಾಕ್ಸಿನ್ ಇಳಿದಿತ್ತು. ಅದೇ ವರ್ಷ ಐಐಟಿ ರೂರ್ಕಿಯವರು 60 ದಿನ ಕೊಟ್ಟ ಗಂಡು ಇಲಿಗಳಲ್ಲಿ ಟೆಸ್ಟೋಸ್ಟೆರಾನ್ ಇಳಿದು, ವೀರ್ಯಾಣು ತಯಾರಿ ಕಮ್ಮಿಯಾದದ್ದನ್ನ ಕಂಡಿದ್ದರು.

ನಮ್ಮ ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತ ತೆಗೆದಿದ್ದರು. ಅಕ್ಕ ಅವತ್ತು ಮಗುವಿಗಿಂತ ಜೋರಾಗಿ ಅತ್ತಿದ್ದಳು. ಅದು ಯಾಕೆ ಅಂತ ಈಗ ತಿಳೀತು: ಥೈರಾಯ್ಡ್ ಪರೀಕ್ಷೆ. ದೊಡ್ಡವರಿಗೆ ಥೈರಾಯ್ಡ್ ಕಮ್ಮಿಯಾದರೆ ಸುಸ್ತು, ಮೈ ಊತ, ಮಾತ್ರೆ ತಗೊಂಡರೆ ಸರಿಹೋಗುತ್ತೆ. ಎಳೆ ಮಗುವಿಗೆ ಕಮ್ಮಿಯಾಗಿ, ಅದು ಯಾರಿಗೂ ಗೊತ್ತಾಗದೆ ತಿಂಗಳುಗಳು ಕಳೆದರೆ ಮಿದುಳಿನ ಬೆಳವಣಿಗೆಗೆ ಆಗುವ ನಷ್ಟ ಆಮೇಲೆ ತುಂಬಿಕೊಳ್ಳಲ್ಲ. ಹೆರಿಗೆಗೆ ಮುಂಚೆ ಮತ್ತು ಆದ ಹೊಸದರಲ್ಲಿ ದೇಹ ಇನ್ನೂ ಕಟ್ಟೋಣದಲ್ಲಿರುತ್ತೆ. ಮುಂದೆ ಮಕ್ಕಳಾಗೋಕೆ ಬೇಕಾದ ಅಂಗಗಳ ಅಡಿಪಾಯ ಬೀಳೋದೂ ಆಗಲೇ. ಸಿವಿಲ್‌ನವರಿಗೆ ಹೇಳಬೇಕಾಗಿಲ್ಲ: ಮನೆ ಕಟ್ಟಿದ ಮೇಲೆ ಗೋಡೆಗೆ ನೀರು ಬಿದ್ದರೆ ಒಂಥರ, ಕಾಂಕ್ರೀಟ್ ಹಾಕ್ತಿರುವಾಗಲೇ ನೀರಿನ ಅಳತೆ ತಪ್ಪಿದರೆ ಇನ್ನೊಂಥರ.

ಇಷ್ಟು ಓದಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಇನ್ನೊಂದು ಸಿಕ್ಕಿತು. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗ, ನಮ್ಮ ಸೋಪಿನಲ್ಲಿದ್ದ ಟ್ರೈಕ್ಲೋಕಾರ್ಬನ್ ಮೇಲೆಯೇ. ಗಬ್ಬದ ಇಲಿಗಳಿಗೆ ಆಹಾರದಲ್ಲಿ ಬೆರೆಸಿ ಕೊಟ್ಟರು. ಮರಿಗಳು ಹುಟ್ಟಿದವು, ಆದರೆ ಹೆಚ್ಚಿನವು ಹಾಲು ಬಿಡಿಸೋ ಮುಂಚೆಯೇ ಸತ್ತವು. ಹೊಟ್ಟೆಯಲ್ಲಿದ್ದಾಗ ತಗುಲಿದ್ದರಿಂದ ಸತ್ತವೋ, ಹಾಲಿನಿಂದ ಸತ್ತವೋ? ಅದನ್ನ ಬೇರ್ಪಡಿಸೋಕೆ ಅವರು ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಮರಿಗಳನ್ನ ಅದಲುಬದಲು ಮಾಡಿದರು. ರಾಸಾಯನಿಕ ತಿಂದ ತಾಯಿಯ ಮರಿಯನ್ನ ತಿನ್ನದ ತಾಯಿಯ ಹತ್ತಿರ ಬಿಟ್ಟರೆ ಬದುಕಿತು. ತಿನ್ನದ ತಾಯಿಯ ಆರೋಗ್ಯವಂತ ಮರಿಯನ್ನ ತಿಂದ ತಾಯಿಯ ಹಾಲಿಗೆ ಬಿಟ್ಟರೆ ಸೊರಗಿತು. ಎರಡು ವೇರಿಯಬಲ್ ಬೇರೆ ಮಾಡೋ ಇಷ್ಟು ಚೊಕ್ಕ ಪ್ರಯೋಗವನ್ನ ನಮ್ಮ ಯಾವ ಲ್ಯಾಬ್ ಮ್ಯಾನುಯಲ್ಲಿನಲ್ಲೂ ನಾನು ಕಂಡಿಲ್ಲ.

ಆ ಖುಷಿಯಲ್ಲಿ ಎದ್ದು ಹೋಗಿ ಅಕ್ಕನಿಗೆ ಓದಿ ಹೇಳಿದೆ. "ನೋಡೇ, ಹಾಲು ಕುಡಿದ ಮರಿಗಳೇ ಸತ್ತಿದ್ದು!" ಅವಳು ಏನೂ ಮಾತಾಡಲಿಲ್ಲ. ಮಗು ಅವಳ ತೊಡೆ ಮೇಲಿತ್ತು. ನಾನು ಗುಡ್ ನೈಟ್ ಹೇಳಿ ಬಂದು ಮಲಗಿದೆ.

ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಹಾಲಿನ ಪುಡಿಯ ಡಬ್ಬ. ಭಾವ ಮೆಡಿಕಲ್ ಶಾಪ್ ಬಾಗಿಲು ತೆಗೆಯೋದನ್ನೇ ಕಾದು ತಂದಿದ್ದರು. ಅಕ್ಕ ರಾತ್ರಿಯಿಂದ ಮಗುವಿಗೆ ಹಾಲು ಕೊಟ್ಟಿರಲಿಲ್ಲ. ಮಗು ಅತ್ತು ಅತ್ತು ಗಂಟಲು ಕಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ಎದೆ ಕಟ್ಟಿಕೊಂಡು ಜ್ವರ. ಏನಾಯ್ತು ಅಂತ ಅಮ್ಮ ಎಷ್ಟು ಕೇಳಿದರೂ ಹೇಳಲಿಲ್ಲ. ಕೊನೆಗೆ ನನ್ನನ್ನ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ನನಗೆ ಇಷ್ಟು ವರ್ಷ ಮಗು ನಿಲ್ಲದೇ ಇದ್ದದ್ದೂ ಇದರಿಂದಲೇನೋ? ಚಿಕ್ಕೋಳಿದ್ದಾಗಿಂದ ಇದೇ ಸೋಪು ತಾನೇ ಮನೇಲಿ?"

ಅಮ್ಮನ ಮುಖ ನೋಡೋಕಾಗಲಿಲ್ಲ. ಸೋಪು ತಂದೋರು ಅವರು.

ಅಪ್ಪ ಹೆಚ್ಚು ಮಾತಾಡೋರಲ್ಲ. "ಅಲ್ಪವಿದ್ಯೆ ಮಹಾಗರ್ವಿ" ಅಂತ ಅಂದು ಎದ್ದು ಹೋದರು. ಸಂಜೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ನಾನೂ ಹೋದೆ, ತಪ್ಪಿತಸ್ಥ ಅಂತ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನೀವು ಓದಿದ್ದು ಸುಳ್ಳಲ್ಲ. ಇಲಿಗೆ ಎಷ್ಟು ಕೊಟ್ಟಿದ್ದರು ಅಂತ ನೋಡಿದ್ರಾ?" ಅಂದರು. ನೋಡಿರಲಿಲ್ಲ. ಅಕ್ಕನ ಕಡೆ ತಿರುಗಿ, "ಇವತ್ತು ರಾತ್ರಿಯಿಂದಲೇ ಹಾಲು ಕೊಡಿಮ್ಮ. ಸೋಪು ಬದಲಾಯಿಸಿ, ಹಾಲನ್ನಲ್ಲ" ಅಂದು ಜ್ವರಕ್ಕೆ ಮಾತ್ರೆ ಬರೆದುಕೊಟ್ಟರು.

ಇಂಜಿನಿಯರಿಂಗ್ ಓದೋನಿಗೆ ಯೂನಿಟ್ ನೋಡಿದ್ಯಾ ಅಂತ ಡಾಕ್ಟರ್ ಕೇಳಬೇಕಾಯ್ತು. ಮನೆಗೆ ಬಂದು ರಫ್ ಬುಕ್ ತೆಗೆದೆ.

ಇಲಿಗಳ ಆಹಾರದಲ್ಲಿ ಟ್ರೈಕ್ಲೋಕಾರ್ಬನ್ ಇದ್ದದ್ದು ತೂಕದಲ್ಲಿ 0.2% ಮತ್ತು 0.5%. ಕಮ್ಮಿಯದನ್ನೇ ಹಿಡಿಯೋಣ. ಕೆಜಿ ಆಹಾರಕ್ಕೆ 2 ಗ್ರಾಂ. ಇಲಿ ದಿನಕ್ಕೆ ಸುಮಾರು 20 ಗ್ರಾಂ ತಿನ್ನುತ್ತೆ ಅಂದರೆ 40 ಮಿಲಿಗ್ರಾಂ ಒಳಗೆ ಹೋಯ್ತು. ಇಲಿಯ ತೂಕ 300 ಗ್ರಾಂ ಅಂತಿಟ್ಟುಕೊಂಡರೆ ಪ್ರತಿ ಕೆಜಿ ತೂಕಕ್ಕೆ ಸುಮಾರು 130 ಮಿಲಿಗ್ರಾಂ. 60 ಕೆಜಿಯ ಅಕ್ಕನಿಗೆ ಅದೇ ಲೆಕ್ಕದಲ್ಲಿ ದಿನಕ್ಕೆ ಹತ್ತಿರ ಹತ್ತಿರ 8 ಗ್ರಾಂ. ಸೋಪಿನಲ್ಲಿ 1% ಇದೆ ಅಂದುಕೊಂಡರೂ 100 ಗ್ರಾಮಿನ ಸೋಪು ದಿನಕ್ಕೆ ಎಂಟು ತಿನ್ನಬೇಕು. ನಿಜವಾಗಿ ಸ್ನಾನದಲ್ಲಿ ಎಷ್ಟು ಒಳಗೆ ಹೋಗುತ್ತೆ ಅಂತಲೂ ಅಳೆದವರಿದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ, ಒಂದು ಸ್ನಾನಕ್ಕೆ ಬಳಸಿದ ಸೋಪಿನಲ್ಲಿ ಸುಮಾರು 70 ಮಿಲಿಗ್ರಾಂ ಇದ್ದರೆ ಚರ್ಮದ ಮೂಲಕ ದೇಹಕ್ಕೆ ಸೇರಿದ್ದು ಅದರ 0.6%. ಅಂದರೆ 0.4 ಮಿಲಿಗ್ರಾಂ. 8 ಗ್ರಾಂ ಎಲ್ಲಿ, 0.4 ಮಿಲಿಗ್ರಾಂ ಎಲ್ಲಿ. ಇಪ್ಪತ್ತು ಸಾವಿರ ಪಟ್ಟು ಅಂತರ. ತಿಂದದ್ದೆಲ್ಲ ರಕ್ತಕ್ಕೆ ಸೇರಲ್ಲ, ಹಾಗಾಗಿ ಅಂತರ ಅಷ್ಟೇ ಇರಲ್ಲ ಅಂತ ನೀವು ಹೇಳಬಹುದು. ಸರಿ, ಹತ್ತು ಪಟ್ಟು ಕಡಿಮೆ ಮಾಡಿ. ಆದರೂ ಎರಡು ಸಾವಿರ.

ಆ ಹಾಳೆ ಹರಿದು ಅಕ್ಕನ ಕೈಗೆ ಕೊಟ್ಟೆ. ಅವಳು ಬಿ.ಕಾಂ., ನನಗಿಂತ ಚೆನ್ನಾಗಿ ಲೆಕ್ಕ ಮಾಡ್ತಾಳೆ. ಎರಡು ಸಲ ಓದಿದಳು. "ಇದನ್ನ ನಿನ್ನೆ ರಾತ್ರಿ ಮಾಡೋಕೇನಾಗಿತ್ತು ನಿನಗೆ?" ಅಂದಳು. ಮಗುವನ್ನ ಎತ್ತಿಕೊಂಡು ರೂಮಿನ ಬಾಗಿಲು ಹಾಕಿಕೊಂಡಳು.

ಹಾಗಾದರೆ ಭಯವೇ ಬೇಡ, ಸೋಪು ಇರಲಿ ಅಂತಲಾ? ಎರಡು ದಿನ ನಾನೂ ಹಾಗೇ ಅಂದುಕೊಂಡೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರೋದು ಸುಲಭ. ಆದರೆ ಹಾರ್ಮೋನಿನ ವಿಷಯದಲ್ಲಿ ಕಮ್ಮಿ ಅಂದಮಾತ್ರಕ್ಕೆ ಏನೂ ಇಲ್ಲ ಅಂತಲ್ಲ, ದೇಹದ ಹಾರ್ಮೋನುಗಳೇ ಅತಿ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡೋವು. 2008ರಲ್ಲಿ ಬಂದ ಇನ್ನೊಂದು ಕೆಲಸದಲ್ಲಿ ಟ್ರೈಕ್ಲೋಕಾರ್ಬನ್ ತಾನೇ ಹಾರ್ಮೋನಿನ ವೇಷ ಹಾಕೋದಕ್ಕಿಂತ, ಇರೋ ಟೆಸ್ಟೋಸ್ಟೆರಾನ್‌ನ ಪರಿಣಾಮವನ್ನ ಜೋರು ಮಾಡುತ್ತೆ ಅಂತ ಕಂಡಿತ್ತು. ಇಸಿ ಹುಡುಗರ ಭಾಷೆಯಲ್ಲಿ ಸಿಗ್ನಲ್ ಅಲ್ಲ, ಆಂಪ್ಲಿಫೈಯರ್. ಜೊತೆಗೆ ಇದು ಯಾರೋ ಒಬ್ಬಿಬ್ಬರಿಗೆ ತಾಗೋ ವಸ್ತುವೂ ಅಲ್ಲ. 2003–04ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದ ಮೂತ್ರದ ಮಾದರಿಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಟ್ರೈಕ್ಲೋಸಾನ್ ಇತ್ತು. 2002ರಲ್ಲೇ ಸ್ವೀಡನ್ನಿನವರು ತಾಯಿಹಾಲಿನಲ್ಲಿ ಕಂಡಿದ್ದರು. ಭಾರತದ ಮಕ್ಕಳ ಮೂತ್ರದಲ್ಲಿ ಅಳೆದ ವರದಿ 2015ರಲ್ಲಿ ಬಂತು. ನಾವು ತೊಳೆದು ಚೆಲ್ಲಿದ ನೀರು ಹೋಗೋದು ಕೊನೆಗೆ ಹೊಳೆಗೇ ತಾನೇ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಮಿಳುನಾಡಿನ ಭಾಗದ ಕಾವೇರಿಯಲ್ಲೂ ಅದನ್ನ ಅಳೆದಿದ್ದಾರೆ.

ಅಕ್ಕನ ಪ್ರಶ್ನೆಗೆ ಉತ್ತರ ಹುಡುಕಿದೆ. ಕೆನಡಾದಲ್ಲಿ ಬಸುರಿಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2015ರಲ್ಲಿ ಹೇಳಿತು: ಮೂತ್ರದಲ್ಲಿ ಟ್ರೈಕ್ಲೋಸಾನ್ ಅತಿ ಹೆಚ್ಚಿದ್ದ ಗುಂಪಿನವರಿಗೆ ಬಸಿರು ನಿಲ್ಲೋಕೆ ಸ್ವಲ್ಪ ಹೆಚ್ಚು ಕಾಲ ಹಿಡಿದಿತ್ತು. ಇದು ಗುಂಪಿನ ಸರಾಸರಿ. ಒಬ್ಬ ಹೆಂಗಸನ್ನ ತೋರಿಸಿ "ನಿನಗೆ ಇದರಿಂದಲೇ" ಅಂತ ಹೇಳೋಕೆ ಬರಲ್ಲ. ಮನುಷ್ಯರ ಮೇಲಿನ ಅಧ್ಯಯನಗಳೆಲ್ಲ ಒಂದೇ ಮಾತನ್ನೂ ಹೇಳಲ್ಲ. ಇದನ್ನ ಅಕ್ಕನಿಗೆ ಹೇಳಿದೆ, ಈ ಸಲ ಹಗಲು ಹೊತ್ತು, ಅಮ್ಮನ ಎದುರಿಗೇ, ನಿಧಾನವಾಗಿ. "ಗೊತ್ತಿಲ್ಲ ಅಂತ ಹೇಳೋಕೆ ಇಷ್ಟು ಓದಿದ್ಯಾ?" ಅಂದಳು. ಹೌದು.

ಅಮ್ಮನದು ಬೇರೆ ವಾದ. "ಈ ಸೋಪಿಂದಲೇ ತಾನೇ ಮನೇಲಿ ಯಾರಿಗೂ ಕೊರೋನಾ ಬರದೇ ಇದ್ದದ್ದು?" ಇದಕ್ಕೆ ನನಗೆ ಸಿಕ್ಕ ಉತ್ತರ ಕರಾಚಿಯದು. ಅಲ್ಲಿನ ಬಡ ಬಡಾವಣೆಗಳಲ್ಲಿ ಕೆಲವು ಮನೆಗಳಿಗೆ ಸಾದಾ ಸೋಪು, ಕೆಲವಕ್ಕೆ 1.2% ಟ್ರೈಕ್ಲೋಕಾರ್ಬನ್ ಇರೋ ಸೋಪು ಕೊಟ್ಟು, ಕೈ ತೊಳೆಯೋದನ್ನ ರೂಢಿ ಮಾಡಿಸಿ, ಸೋಪು ಕೊಡದ ಮನೆಗಳ ಜೊತೆ ಹೋಲಿಸಿ ನೋಡಿದರು. 2005ರಲ್ಲಿ 'ಲಾನ್ಸೆಟ್'ನಲ್ಲಿ ಬಂತು. ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕರ್ಧ ಇಳಿದಿತ್ತು, ಭೇದಿಯೂ ಹಾಗೇ. ಆದರೆ ಸಾದಾ ಸೋಪಿನ ಮನೆಗೂ ಕ್ರಿಮಿ ಸೋಪಿನ ಮನೆಗೂ ವ್ಯತ್ಯಾಸ ಇರಲಿಲ್ಲ! ಉಳಿಸಿದ್ದು ಸೋಪು, ನೀರು, ತಿಕ್ಕಿದ ಕೈ. ಸೋಪಿನ ಅಣುವಿನ ಒಂದು ತುದಿ ಜಿಡ್ಡನ್ನ ಹಿಡಿಯುತ್ತೆ, ಇನ್ನೊಂದು ನೀರನ್ನ. ಕೊರೋನಾ ವೈರಸ್ಸಿನ ಹೊದಿಕೆಯೂ ಜಿಡ್ಡಿನದೇ. ಇನ್ನು ಟ್ರೈಕ್ಲೋಸಾನ್ ವಿಷಯಕ್ಕೆ ಬಂದರೆ, ಅದು ಬ್ಯಾಕ್ಟೀರಿಯಾ ಕೊಲ್ಲೋಕೆ ಹೊತ್ತು ಬೇಕು. 2015ರಲ್ಲಿ ಕೊರಿಯಾದವರು ಪರೀಕ್ಷಿಸಿದಾಗ ಇಪ್ಪತ್ತು ಸೆಕೆಂಡಿನಲ್ಲಿ ಅದಿರೋ ಸೋಪಿಗೂ ಇಲ್ಲದ ಸೋಪಿಗೂ ವ್ಯತ್ಯಾಸ ಕಾಣಲಿಲ್ಲ, ಒಂಬತ್ತು ಗಂಟೆ ನೆನೆಸಿಟ್ಟ ಮೇಲೆ ಕಂಡಿತು. ಕೈಯನ್ನ ಒಂಬತ್ತು ಗಂಟೆ ಯಾರು ತೊಳೀತಾರೆ?

ಅಮೆರಿಕದ ಎಫ್‌ಡಿಎ 2016ರ ಸೆಪ್ಟೆಂಬರ್‌ನಲ್ಲಿ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬನ್ ಸೇರಿ 19 ರಾಸಾಯನಿಕಗಳನ್ನ ಮನೆಬಳಕೆಯ ಕ್ರಿಮಿ ಸೋಪುಗಳಿಂದ ಹೊರಗೆ ಹಾಕಿದ್ದೂ ಇದೇ ತರ್ಕದ ಮೇಲೆ. ಇವು ಜನರನ್ನ ಬಂಜೆ ಮಾಡ್ತವೆ ಅಂತ ಸಾಬೀತಾಗಿ ಅಲ್ಲ. ದಿನಾ, ವರ್ಷಗಟ್ಟಲೆ ಬಳಸೋಕೆ ಸುರಕ್ಷಿತ ಅಂತಲೋ, ಸಾದಾ ಸೋಪಿಗಿಂತ ಹೆಚ್ಚು ಕೆಲಸ ಮಾಡ್ತವೆ ಅಂತಲೋ ತಯಾರಕರು ತೋರಿಸಲಿಲ್ಲ ಅಂತ. ನನಗೆ ಇದು ಬಹಳ ಸರಿ ಅನ್ನಿಸಿತು. ಲಾಭವೇ ಇಲ್ಲ ಅಂದಮೇಲೆ ಸಣ್ಣ ಅಪಾಯವನ್ನಾದರೂ ಯಾಕೆ ಹೊರಬೇಕು, ಅದೂ ಇಪ್ಪತ್ತು ದಿನದ ಕೂಸಿನ ಲೆಕ್ಕದಲ್ಲಿ? ಆಸ್ಪತ್ರೆಗೆ ಆ ನಿಯಮ ಅನ್ವಯಿಸಲ್ಲ, ಅಲ್ಲಿನ ಅಗತ್ಯವೇ ಬೇರೆ. ನಮ್ಮ ಮನೆ ಆಸ್ಪತ್ರೆ ಅಲ್ಲ ಅಂತ ಅಮ್ಮನಿಗೆ ಒಪ್ಪಿಸೋದಷ್ಟೇ ಬಾಕಿ.

ಇನ್ನೊಂದು ಸಮಾಧಾನ. ಟ್ರೈಕ್ಲೋಸಾನ್ ಮೈಯಲ್ಲಿ ಮನೆ ಮಾಡಿಕೊಂಡು ಕೂರಲ್ಲ, ಹೊಸದಾಗಿ ಸೇರದಿದ್ದರೆ ಕೆಲವೇ ದಿನದಲ್ಲಿ ಬಹುಪಾಲು ಹೊರಗೆ ಹೋಗುತ್ತೆ. ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ನೂರು ಹದಿಹರೆಯದ ಹುಡುಗಿಯರಿಗೆ ಮೂರೇ ದಿನ ಸೋಪು, ಶಾಂಪೂ, ಮೇಕಪ್ ಬದಲಾಯಿಸಿ ಕೊಟ್ಟಾಗ ಮೂತ್ರದಲ್ಲಿ ಟ್ರೈಕ್ಲೋಸಾನ್ ಸುಮಾರು 36% ಇಳಿಯಿತು. 2016ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಊರಿನ ಹೈಸ್ಕೂಲ್ ಮಕ್ಕಳೇ ಸಂಶೋಧಕರಾಗಿ ಸೇರಿಕೊಂಡಿದ್ದರು. ನಮ್ಮ ಟೆಕ್ ಫೆಸ್ಟುಗಳಲ್ಲಿ ಲೈನ್ ಫಾಲೋಯರ್ ರೋಬೋ ಎಷ್ಟು ವರ್ಷ ಮಾಡ್ತೀವೋ!

ಕುವೆಂಪುನಗರ ಕಾಂಪ್ಲೆಕ್ಸ್ ಹತ್ತಿರದ ಅಂಗಡಿಯಲ್ಲಿ ನಾನೂ ಅಮ್ಮನೂ ನಿಂತು ಸೋಪುಗಳ ಹಿಂಬದಿ ಓದಿದೆವು. ಅಮ್ಮನಿಗೆ ಕನ್ನಡಕ ಇದ್ದರೂ ಕಾಣ್ತಿರಲಿಲ್ಲ, ನಾನು ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸ್ತಿದ್ದೆ. ಅಂಗಡಿಯವರು "ಸೋಪು ತಗೋತೀರೋ, ಪರೀಕ್ಷೆ ಬರೀತೀರೋ?" ಅಂದರು. ಕೊನೆಗೆ ಟಿಎಫ್‌ಎಂ 76% ಇರೋ, ಗ್ರೇಡ್ 1 ಅಂತ ಬರೆದಿದ್ದ ಸಾದಾ ಸೋಪು ಮೂರು ತಗೊಂಡೆವು. ಹಳೇ ಸೋಪನ್ನ ಎಸೆಯೋಕೆ ಅಮ್ಮ ಒಪ್ಪಲಿಲ್ಲ, ದುಡ್ಡು ಕೊಟ್ಟದ್ದು. ಸ್ಕೂಟರ್ ತೊಳೆಯೋಕೆ ಇಟ್ಟರು. ಕಾವೇರಿ ನೆನಪಾಯ್ತು, ಆದರೆ ಆ ವಾರ ಇನ್ನೊಂದು ಭಾಷಣ ಮಾಡೋ ಧೈರ್ಯ ನನಗಿರಲಿಲ್ಲ.

ಮಗುವಿಗೀಗ ಮೂರು ವರ್ಷ. ಕುವೆಂಪುನಗರದಲ್ಲೇ ಅಕ್ಕ ಭಾವ ಬಾಡಿಗೆ ಮನೆ ಮಾಡಿದ್ದಾರೆ, ಮಗು ಪ್ಲೇಹೋಮಿಗೆ ಹೋಗುತ್ತೆ. ಹೋದ ತಿಂಗಳು ನಾನು ಲ್ಯಾಬಲ್ಲಿದ್ದಾಗ ಅಕ್ಕನ ವಾಟ್ಸಾಪ್ ಬಂತು. ಪ್ಲೇಹೋಮಿನವರು ಕೊಟ್ಟ ಪಟ್ಟಿ: ಕ್ರಯಾನ್, ನ್ಯಾಪ್‌ಕಿನ್, ಕ್ರಿಮಿನಾಶಕ ಹ್ಯಾಂಡ್‌ವಾಶ್ ಒಂದು ಬಾಟಲ್. ಕೆಳಗೆ ಬಾಟಲಿನ ಹಿಂಬದಿಯ ಫೋಟೋ. "ಇದರಲ್ಲಿ ಏನಿದೆ ನೋಡೋ."

ಟ್ರೈಕ್ಲೋಸಾನ್ ಇರಲಿಲ್ಲ. ಅದರ ಜಾಗದಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್. 2016ರಲ್ಲಿ ಎಫ್‌ಡಿಎ ಇನ್ನಷ್ಟು ಮಾಹಿತಿ ಬರಲಿ ಅಂತ ತೀರ್ಮಾನ ಮುಂದೂಡಿದ ಮೂರರಲ್ಲಿ ಅದೂ ಒಂದು. ನಾಲ್ಕು ಸಾಲು ಟೈಪ್ ಮಾಡಿದೆ, ಅಳಿಸಿದೆ. "ಸಾದಾ ಹ್ಯಾಂಡ್‌ವಾಶ್ ಕೊಟ್ಟು ಕಳಿಸು. ಗಾಬರಿ ಏನಿಲ್ಲ. ಮಿಸ್ ಏನಾದ್ರೂ ಕೇಳಿದ್ರೆ ನನ್ನ ನಂಬರ್ ಕೊಡು" ಅಂತ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ನಂಬರ್ ಕೊಡಲ್ಲ ಕಣೋ. ಪಾಪ ಆ ಮಿಸ್ಸನ್ನೂ ಅಳಿಸ್ತೀಯ."